ಕಾರ್ಡು ಮಗುವಿನ ಜೊತೆಗೇ ಬರಲಿ: ಮೊದಲ ಎರಡು ವರ್ಷದ ಬೆಳವಣಿಗೆ ಗಮನಿಸುವುದು ಹೇಗೆ?



ಈ ಮಾಲಿಕೆಯಲ್ಲಿ ಇಲ್ಲಿಯವರೆಗೆ ಬಿಪಿ, ಶುಗರ್, ಎದೆನೋವು, ಉಪ್ಪು, ನಿದ್ದೆ ಎಂದು ದೊಡ್ಡವರ ವಿಷಯವನ್ನೇ ಬರೆದಿದ್ದೇನೆ. ಇವತ್ತು ಮನೆಯ ಅತಿ ಚಿಕ್ಕವರ ಬಗ್ಗೆ ಬರೆಯುತ್ತೇನೆ. ಮಗು ಯಾವಾಗ ಕೂರುತ್ತದೆ, ಯಾವಾಗ ನಡೆಯುತ್ತದೆ ಎನ್ನುವುದು ಹೃದಯದ ಡಾಕ್ಟರಿಗೆ ಏಕೆ ಬೇಕು ಎಂದು ನೀವು ಕೇಳಬಹುದು. ಒಂದು ಘಟನೆ ಹೇಳುತ್ತೇನೆ, ಆಗ ಗೊತ್ತಾಗುತ್ತದೆ. ಆ ಮನೆಯವರ ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

*ಬಿಪಿ ತೋರಿಸಲು ಬಂದ ಅಜ್ಜಿ*

ಯಾದಗಿರಿ ಕಡೆಯ ಒಬ್ಬ ಅಜ್ಜಿ ಬಿಪಿ ತೋರಿಸಲು ಬಂದಿದ್ದರು. ಮಗ ಚೆರ್ಲಪಲ್ಲಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಮನೆ ಕುಷಾಯಿಗೂಡದಲ್ಲಿ. ಸೊಸೆಯೂ ಕೆಲಸಕ್ಕೆ ಹೋಗುವುದರಿಂದ ಮೊಮ್ಮಗ ಅಜ್ಜಿಯ ಜೊತೆಗೇ ಇರುತ್ತಾನೆ. ಅವತ್ತೂ ಮಡಿಲಲ್ಲಿದ್ದ. ಅಜ್ಜಿಯ ತೋಳಿಗೆ ಬಿಪಿ ಪಟ್ಟಿ ಕಟ್ಟಬೇಕು, ಮಗುವನ್ನು ಸ್ವಲ್ಪ ಪಕ್ಕದಲ್ಲಿ ಕೂರಿಸಿ ಎಂದೆ.

"ಅಂವ ಕೂಡಂಗಿಲ್ಲರೀ ಡಾಕ್ಟ್ರೇ, ವಾಲ್ತಾನ" ಎಂದರು.

ಎಷ್ಟು ತಿಂಗಳು ಎಂದು ಕೇಳಿದೆ. ಹನ್ನೊಂದು ತುಂಬಿತ್ತು.

"ನಮ್ಮ ಮನ್ಯಾಗ ಎಲ್ಲಾರೂ ತಡಾನೇರೀ. ಇವರಪ್ಪನೂ ಒಂದೂವರೆ ವರ್ಷಕ್ಕ ನಡದಾನ" ಎಂದು ಅಜ್ಜಿಯೇ ಸಮಾಧಾನ ಹೇಳಿದರು.

ಅಷ್ಟರಲ್ಲಿ ಮಗು ಅತ್ತಿತು. ಅಜ್ಜಿ ಬಾಟಲಿ ಹಾಲು ಹಿಡಿದರು. ನಾಲ್ಕು ಗುಟುಕು ಕುಡಿದು ಬಿಟ್ಟ, ಏದುಸಿರು ಬಿಟ್ಟ, ಮತ್ತೆ ಎರಡು ಗುಟುಕು. ಫ್ಯಾನ್ ಕೆಳಗೂ ಹಣೆಯ ಮೇಲೆ ಬೆವರು. ತೂಕ ಹಾಕಿದರೆ ಆರು ಕಿಲೋ. ಸ್ಟೆಥಾಸ್ಕೋಪ್ ಇಟ್ಟಾಗ ಎದೆಯಲ್ಲಿ ಜೋರಾದ ಮರ್ಮರ ಕೇಳಿಸಿತು. ಎಕೋ ಮಾಡಿದಾಗ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ರಂಧ್ರ ಕಂಡಿತು.

ಮಗುವಿನ ಬೆನ್ನಿಗಾಗಲಿ ಕಾಲಿಗಾಗಲಿ ಏನೂ ಆಗಿರಲಿಲ್ಲ. ಕುಡಿದ ಹಾಲಿನ ಶಕ್ತಿಯೆಲ್ಲ ಉಸಿರಾಡುವುದಕ್ಕೇ ಖರ್ಚಾಗುತ್ತಿತ್ತು. ಕೂರಲು ಶಕ್ತಿ ಉಳಿಯುತ್ತಿರಲಿಲ್ಲ.

ತಾಯಿ ಕಾರ್ಡ್ ಎಲ್ಲಿದೆ ಎಂದು ಕೇಳಿದೆ. "ಊರಾಗ ಟ್ರಂಕಿನ್ಯಾಗ ಐತ್ರೀ" ಎಂದರು. ಹೆರಿಗೆ ಊರಿನಲ್ಲಿ ಆಗಿತ್ತು. ಮೂರೂವರೆ ತಿಂಗಳಿನ ಸೂಜಿಯವರೆಗೆ ಅಲ್ಲಿನ ಆಶಾ ಕಾರ್ಯಕರ್ತೆಯೇ ಕರೆದೊಯ್ದು ಹಾಕಿಸಿದ್ದರು. ನಾಲ್ಕನೇ ತಿಂಗಳಲ್ಲಿ ಹೈದರಾಬಾದಿಗೆ ಬಂದರು. ಆಮೇಲೆ ಈ ಮಗುವನ್ನು ಯಾರೂ ತೂಕ ಮಾಡಲಿಲ್ಲ, ಒಂಬತ್ತು ತಿಂಗಳ ಲಸಿಕೆಯೂ ಆಗಲಿಲ್ಲ. ಊರಿನವರ ಪಟ್ಟಿಯಲ್ಲಿ ಮಗು "ವಲಸೆ ಹೋಗಿದೆ". ಇಲ್ಲಿನವರ ಪಟ್ಟಿಯಲ್ಲಿ ಹೆಸರೇ ಇಲ್ಲ. ಎರಡು ಪಟ್ಟಿಗಳ ನಡುವೆ ಏಳು ತಿಂಗಳು ಕಳೆದುಹೋಗಿತ್ತು.

ಮಕ್ಕಳ ಹೃದಯ ತಜ್ಞರು ಶಸ್ತ್ರಚಿಕಿತ್ಸೆ ಮಾಡಿದರು. ಮಗು ಚೆನ್ನಾಗಿದೆ, ಇಪ್ಪತ್ತನೇ ತಿಂಗಳಲ್ಲಿ ನಡೆಯಿತು. ಇನ್ನೂ ತಡವಾಗಿದ್ದರೆ ಶ್ವಾಸಕೋಶದ ರಕ್ತನಾಳಗಳು ಶಾಶ್ವತವಾಗಿ ಕೆಟ್ಟು, ಆಪರೇಷನ್ ಮಾಡಲಾಗದ ಸ್ಥಿತಿ ಬರಬಹುದಿತ್ತು. ಅಂಥ ಮಕ್ಕಳನ್ನೂ ನೋಡಿದ್ದೇನೆ. ಅದಕ್ಕೇ ಈ ಬರಹ.

*ಬೆಳೆಯುವುದು ಬೇರೆ, ಬೆಳವಣಿಗೆಯ ಮೆಟ್ಟಿಲು ಬೇರೆ*

ತೂಕ, ಎತ್ತರ ಹೆಚ್ಚುವುದು ದೇಹದ ಬೆಳವಣಿಗೆ. ಕತ್ತು ನಿಲ್ಲುವುದು, ನಗುವುದು, ಮಗುಚಿಕೊಳ್ಳುವುದು, ಕೂರುವುದು, ಹೆಸರು ಕರೆದರೆ ತಿರುಗುವುದು, ನಡೆಯುವುದು, ಮಾತಾಡುವುದು, ಇವು ಮಿದುಳು, ಕಿವಿ, ಕಣ್ಣು, ಸ್ನಾಯುಗಳು ಕೂಡಿ ಕೆಲಸ ಮಾಡುತ್ತಿರುವ ಗುರುತು. ಮಗು ದುಂಡಗಿದ್ದರೂ ಮಾತು ತಡವಾಗಬಹುದು. ತೆಳ್ಳಗಿದ್ದರೂ ಎಲ್ಲವೂ ಸರಿಯಾಗಿರಬಹುದು. ಆದ್ದರಿಂದ ಎರಡನ್ನೂ ನೋಡಬೇಕು.

ಪ್ರತಿ ಮೆಟ್ಟಿಲಿಗೂ ಒಂದೇ ದಿನಾಂಕ ಇರುವುದಿಲ್ಲ, ಒಂದು ಅವಧಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ 816 ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಆಧಾರವಿಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳೊಳಗೆ. ತಾನಾಗಿ ನಡೆಯುವುದು ಸುಮಾರು 8ರಿಂದ ಹದಿನೇಳೂವರೆ ತಿಂಗಳೊಳಗೆ. ಅಂದರೆ ಪಕ್ಕದ ಮನೆಯ ಮಗು ಹತ್ತಕ್ಕೇ ನಡೆದು ನಿಮ್ಮದು ಹದಿನಾಲ್ಕಕ್ಕೆ ನಡೆದರೆ ಎರಡೂ ಸರಿಯೇ. ಅಂಬೆಗಾಲಿಡದೆ ನೇರವಾಗಿ ಎದ್ದು ನಿಂತ ಮಕ್ಕಳೂ ಆ ಅಧ್ಯಯನದಲ್ಲಿ ನೂರಕ್ಕೆ ನಾಲ್ವರಷ್ಟು ಇದ್ದರು. ಅದಕ್ಕೆ ಹೆದರಬೇಕಿಲ್ಲ.

ಆದರೆ ಅವಧಿಯ ಕೊನೆ ದಾಟಿದ ಮೇಲೆ "ನಮ್ಮ ಮನೆಯಲ್ಲಿ ಎಲ್ಲರೂ ತಡ" ಎಂಬ ಮಾತಿಗೆ ಜಾಗ ಕೊಡಬೇಡಿ. ಮನೆತನದ ಗುಣವೇ ಆಗಿದ್ದರೂ ಅದನ್ನು ಪರೀಕ್ಷೆ ಮಾಡಿ ಹೇಳಬೇಕು, ಊಹೆ ಮಾಡಿ ಹೇಳಬಾರದು.

*ಲಸಿಕೆಯ ದಿನವೇ ಪರೀಕ್ಷೆಯ ದಿನ*

ನಮ್ಮ ದೇಶದ ಲಸಿಕೆ ಪಟ್ಟಿ ಹೀಗಿದೆ: ಹುಟ್ಟಿದಾಗ, 6 ವಾರ, 10 ವಾರ, 14 ವಾರ, 9 ತಿಂಗಳು, 16ರಿಂದ 24 ತಿಂಗಳು, ಆಮೇಲೆ 5 ವರ್ಷ. ಸೂಜಿ ಹಾಕಿಸಿ, ಜ್ವರದ ಡ್ರಾಪ್ಸ್ ಇಸಿದುಕೊಂಡು ಮನೆಗೆ ಬರುತ್ತೇವೆ. ಅದೇ ದಿನ ನರ್ಸಮ್ಮನನ್ನು ಇನ್ನೊಂದು ಮಾತು ಕೇಳಿ: "ನಮ್ಮ ಮಗು ಈ ವಯಸ್ಸಿಗೆ ಮಾಡಬೇಕಾದ್ದನ್ನು ಮಾಡುತ್ತಿದೆಯಾ?"

ಈ ಪಟ್ಟಿಯಲ್ಲಿ ಎರಡು ದೊಡ್ಡ ಅಂತರಗಳಿವೆ ಎಂಬುದನ್ನೂ ಗಮನಿಸಿ. ಒಂದು, 14 ವಾರದಿಂದ 9 ತಿಂಗಳವರೆಗೆ. ಮಗುಚುವುದು, ಕೈ ಚಾಚುವುದು, ಕೂರುವುದು ಎಲ್ಲ ಆಗುವ ಕಾಲ ಅದೇ. ಇನ್ನೊಂದು, 9 ತಿಂಗಳಿಂದ 16 ತಿಂಗಳವರೆಗೆ. ನಿಲ್ಲುವುದು, ಬೆರಳು ತೋರಿಸುವುದು, ಮೊದಲ ಮಾತು ಆ ಕಾಲದಲ್ಲಿ. ಸೂಜಿ ಇಲ್ಲವೆಂದು ನಾವು ದವಾಖಾನೆಗೆ ಹೋಗುವುದೇ ಇಲ್ಲ. ಮೇಲೆ ಹೇಳಿದ ಮಗು ಸಿಕ್ಕಿಬಿದ್ದದ್ದು ಮೊದಲನೇ ಅಂತರದಲ್ಲಿ. ಆದ್ದರಿಂದ 6ನೇ ತಿಂಗಳಲ್ಲಿ ಒಮ್ಮೆ, 12ನೇ ತಿಂಗಳಲ್ಲಿ ಒಮ್ಮೆ ನೀವಾಗಿಯೇ ಅಂಗನವಾಡಿಗೋ ಬಸ್ತಿ ದವಾಖಾನೆಗೋ ಹೋಗಿ ತೂಕ ಮಾಡಿಸಿ, ಬೆಳವಣಿಗೆ ತೋರಿಸಿ.

*ಮನೆಯಲ್ಲಿ ನೀವು ನೋಡಬೇಕಾದ್ದು*

▪️ 6 ವಾರ: ನಿಮ್ಮ ಮುಖ ದಿಟ್ಟಿಸುತ್ತದೆಯೇ? ದೊಡ್ಡ ಸದ್ದಿಗೆ ಬೆಚ್ಚುತ್ತದೆಯೇ? ಎರಡು ತಿಂಗಳ ಹೊತ್ತಿಗೆ ನೀವು ನಕ್ಕರೆ ತಾನೂ ನಗಬೇಕು. ಮೂರು ತಿಂಗಳಾದರೂ ನಗದಿದ್ದರೆ ತೋರಿಸಿ.

▪️ 14 ವಾರ: ಎತ್ತಿಕೊಂಡಾಗ ಕತ್ತು ನಿಲ್ಲುತ್ತಾ ಬರುತ್ತಿದೆಯೇ? ಕಣ್ಣು ನಿಮ್ಮ ಹಿಂದೆ ತಿರುಗುತ್ತದೆಯೇ? "ಆ, ಊ" ಅನ್ನುತ್ತದೆಯೇ? ನಾಲ್ಕು ತಿಂಗಳು ತುಂಬಿದರೂ ಕತ್ತು ನಿಲ್ಲದಿದ್ದರೆ ತೋರಿಸಿ.

▪️ 6 ತಿಂಗಳು: ಮಗುಚುತ್ತದೆಯೇ? ಗಿಲಕಿಗೆ ಕೈ ಚಾಚುತ್ತದೆಯೇ? ಸದ್ದು ಬಂದ ಕಡೆ ತಿರುಗುತ್ತದೆಯೇ?

▪️ 9 ತಿಂಗಳು: ಆಧಾರವಿಲ್ಲದೆ ಕೂರುತ್ತದೆಯೇ? "ಬಬಬ, ದದದ" ಅನ್ನುತ್ತದೆಯೇ? ಹೆಸರು ಕರೆದರೆ ನೋಡುತ್ತದೆಯೇ? ಒಂದು ಕೈಯ ಆಟಿಕೆಯನ್ನು ಇನ್ನೊಂದು ಕೈಗೆ ದಾಟಿಸುತ್ತದೆಯೇ?

▪️ 12 ತಿಂಗಳು: ಹಿಡಿದುಕೊಂಡು ನಿಲ್ಲುತ್ತದೆಯೇ? ನೆಲದ ಮೇಲಿನ ಮಂಡಕ್ಕಿಯನ್ನು ಹೆಬ್ಬೆರಳು, ತೋರುಬೆರಳಲ್ಲಿ ಎತ್ತುತ್ತದೆಯೇ? ಟಾಟಾ ಮಾಡುತ್ತದೆಯೇ?

▪️ 18 ತಿಂಗಳು: ತಾನಾಗಿ ನಡೆಯುತ್ತದೆಯೇ? ಅರ್ಥವಿರುವ ಕೆಲವು ಮಾತು ಆಡುತ್ತದೆಯೇ? ಬೇಕಾದ್ದನ್ನು ಬೆರಳಿಂದ ತೋರಿಸುತ್ತದೆಯೇ? "ಚಪ್ಪಲಿ ತಾ" ಎಂದರೆ ತಿಳಿಯುತ್ತದೆಯೇ?

▪️ 2 ವರ್ಷ: "ಅವ್ವಾ ಬಾ", "ಹಾಲು ಕೊಡು" ಎಂದು ಎರಡು ಮಾತು ಕೂಡಿಸುತ್ತದೆಯೇ? ನೀವು ಕಸ ಗುಡಿಸಿದರೆ ತಾನೂ ಗುಡಿಸುವ ಹಾಗೆ ಮಾಡುತ್ತದೆಯೇ?

*ವಯಸ್ಸು ಎಷ್ಟೇ ಇರಲಿ, ಕಾಯದೆ ತೋರಿಸಬೇಕಾದ್ದು:* ಕಲಿತದ್ದನ್ನು ಮಗು ಬಿಟ್ಟುಬಿಟ್ಟರೆ, ಅಂದರೆ ಆಡುತ್ತಿದ್ದ ಮಾತು ನಿಂತರೆ, ಕೂರುತ್ತಿದ್ದದ್ದು ಕೂರದಿದ್ದರೆ. ಸದ್ದಿಗೆ ಪ್ರತಿಕ್ರಿಯೆಯೇ ಇಲ್ಲದಿದ್ದರೆ. ಮೈ ಹಲಗೆಯಂತೆ ಬಿಗಿ ಅಥವಾ ಬಟ್ಟೆಯಂತೆ ಸಡಿಲ ಇದ್ದರೆ. ಒಂದು ವರ್ಷದೊಳಗೇ ಒಂದೇ ಕೈ ಬಳಸಿ ಇನ್ನೊಂದನ್ನು ಬಿಟ್ಟರೆ. ಫಿಟ್ಸ್ ಬಂದರೆ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಲೆಕ್ಕ ಬೇರೆ. ಎರಡು ತಿಂಗಳು ಮುಂಚೆ ಹುಟ್ಟಿದ್ದರೆ, 9 ತಿಂಗಳಾದಾಗ ಅದನ್ನು 7 ತಿಂಗಳ ಮಗುವೆಂದು ಎಣಿಸಿ. ಎರಡು ವರ್ಷದವರೆಗೆ ಹೀಗೇ ಮಾಡಿ. ಲಸಿಕೆ ಮಾತ್ರ ಹುಟ್ಟಿದ ದಿನದ ಲೆಕ್ಕದಲ್ಲೇ ಹಾಕಿಸಬೇಕು.

*ಹೃದಯದ ತೊಂದರೆಯ ಸುಳಿವು*

ಸಾವಿರ ಮಕ್ಕಳು ಹುಟ್ಟಿದರೆ ಅವರಲ್ಲಿ ಸುಮಾರು ಎಂಟು ಒಂಬತ್ತು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದಲ್ಲಿ ಏನಾದರೂ ದೋಷ ಇರುತ್ತದೆ. ಎಷ್ಟೋ ಸಣ್ಣವು ತಾವೇ ಮುಚ್ಚಿಕೊಳ್ಳುತ್ತವೆ. ದೊಡ್ಡವು ಹೀಗೆ ಸುಳಿವು ಕೊಡುತ್ತವೆ: ಹಾಲು ಕುಡಿಯುವಾಗ ನಿಂತು ನಿಂತು ಕುಡಿಯುವುದು, ಆಗ ಹಣೆಯಲ್ಲಿ ಬೆವರು, ಮಲಗಿರುವಾಗಲೂ ವೇಗದ ಉಸಿರು, ಮತ್ತೆ ಮತ್ತೆ ನ್ಯುಮೋನಿಯಾ, ತೂಕ ಏರದಿರುವುದು. ಸಾಮಾನ್ಯವಾಗಿ ಹುಟ್ಟಿದ ತೂಕ ಐದಾರು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುತ್ತದೆ. ತುಟಿ, ನಾಲಿಗೆ ನೀಲಿಯಾದರೆ 108ಕ್ಕೆ ಕರೆ ಮಾಡಿ, ಕಾಯಬೇಡಿ.

ತಡವಾಗುವ ಎಲ್ಲ ಮಕ್ಕಳಿಗೂ ಹೃದಯದ ತೊಂದರೆ ಇರುವುದಿಲ್ಲ. ಕಿವಿ ಕೇಳದಿರುವುದು, ಥೈರಾಯ್ಡ್ ಕೊರತೆ, ರಕ್ತಹೀನತೆ, ಹೆರಿಗೆಯ ಹೊತ್ತಿನ ಉಸಿರುಗಟ್ಟುವಿಕೆ ಹೀಗೆ ಕಾರಣ ಹಲವು. ಇವುಗಳಲ್ಲಿ ಕೆಲವು ಒಂದು ಮಾತ್ರೆಯಿಂದ, ಒಂದು ಸಿರಪ್ಪಿನಿಂದ ಸರಿಹೋಗುವಂಥವು. 6 ತಿಂಗಳು ದಾಟಿದ ಮಗುವಿಗೆ ವಾರಕ್ಕೆ ಎರಡು ಬಾರಿ ಕೊಡುವ ಕಬ್ಬಿಣಾಂಶದ ಸಿರಪ್ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಕೇಳಿ ತೆಗೆದುಕೊಳ್ಳಿ. ಕಿವಿಯ ವಿಷಯದಲ್ಲಂತೂ ಮೂರು ತಿಂಗಳೊಳಗೆ ಪತ್ತೆಯಾಗಿ ಆರು ತಿಂಗಳೊಳಗೆ ಚಿಕಿತ್ಸೆ ಶುರುವಾದರೆ ಮಾತು ಬರುವ ದಾರಿ ತುಂಬ ಸುಲಭವಾಗುತ್ತದೆ.

*"ಮನೆಯಲ್ಲಿ ಮೂರು ಭಾಷೆ, ಅದಕ್ಕೇ ಮಾತು ತಡ"*

ಹೈದರಾಬಾದಿನ ನಮ್ಮ ಮನೆಗಳಲ್ಲಿ ನಾನು ಹೆಚ್ಚು ಕೇಳುವ ಮಾತು ಇದು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ. ಮಗುವಿಗೆ ಗೊಂದಲವಾಗಿದೆ ಎಂದುಕೊಂಡು ಕೆಲವರು ಕನ್ನಡ ಮಾತಾಡುವುದನ್ನೇ ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಮ್ಮ ಅಜ್ಜ ಅಜ್ಜಿಯರು ಕನ್ನಡ, ಉರ್ದು, ತೆಲುಗು ಕಲಸಿಯೇ ಬೆಳೆದವರು, ಯಾರಿಗೂ ಮಾತಿನ ಬರ ಇರಲಿಲ್ಲ.

ಎಣಿಸುವಾಗ ಎಲ್ಲ ಭಾಷೆಯ ಮಾತುಗಳನ್ನೂ ಸೇರಿಸಿ. ಮಗು "ಅವ್ವ" ಎಂದರೆ ಒಂದು, ನೀರಿಗೆ "ನೀಳ್ಳು" ಎಂದರೆ ಎರಡು. ಒಟ್ಟು ಸೇರಿಸಿಯೂ ಕಡಿಮೆ ಇದ್ದರೆ ಭಾಷೆಯನ್ನು ದೂರಬೇಡಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕೋಠಿಯಲ್ಲಿ ಸರ್ಕಾರಿ ಕಿವಿ, ಮೂಗು, ಗಂಟಲು ಆಸ್ಪತ್ರೆ ಇದೆ.

ಮಾತು ಕಲಿಸುವುದು ಮಾತಾಡುವ ಮನುಷ್ಯರು. ಎರಡು ವರ್ಷದೊಳಗಿನ ಮಕ್ಕಳಿಗೆ ಮೊಬೈಲು, ಟಿವಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಇದನ್ನು ನೀವು ಫೋನಿನಲ್ಲೇ ಓದುತ್ತಿದ್ದೀರಿ, ಗೊತ್ತು. ಓದಿ ಮುಗಿಸಿ ಫೋನು ಮೇಲಿಟ್ಟು ಮಗುವಿನ ಜೊತೆ ಮಾತಾಡಿ. ರೊಟ್ಟಿ ಬಡಿಯುವಾಗ "ನೋಡು, ರೊಟ್ಟಿ ಉಬ್ಬಿತು" ಎಂದರೂ ಅದು ಪಾಠವೇ.

*ಎಲ್ಲಿಗೆ ಹೋಗಬೇಕು?*

1️⃣ *ಅಂಗನವಾಡಿ.* 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾದಾಗ ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಅದರಲ್ಲಿತ್ತು. ಬಾಡಿಗೆ ಮನೆಯವರಿಗೂ, ಬೇರೆ ರಾಜ್ಯದವರಿಗೂ ಅಂಗನವಾಡಿ ಇದೆ. ಹೊಸ ಮನೆಗೆ ಬಂದ ವಾರದಲ್ಲೇ ಹೆಸರು ಬರೆಸಿ. ಊರಿನ ಅಂಗನವಾಡಿಯಲ್ಲಿ ಹೆಸರಿದ್ದರೆ, ಪೋಷಣ್ ಟ್ರ್ಯಾಕರ್ ಎಂಬ ಅವರ ಆ್ಯಪಿನಲ್ಲಿ ಇಲ್ಲಿಗೆ ವರ್ಗ ಮಾಡಿಕೊಳ್ಳುವ ಸೌಲಭ್ಯ ಇದೆ, ಕಾರ್ಯಕರ್ತೆಯನ್ನು ಕೇಳಿ.

2️⃣ *ಆಶಾ, ಬಸ್ತಿ ದವಾಖಾನೆ, ನಗರ ಪ್ರಾಥಮಿಕ ಆರೋಗ್ಯ ಕೇಂದ್ರ.* ಬಸ್ತಿ ದವಾಖಾನೆಗಳು ಹೈದರಾಬಾದಿನಲ್ಲಿ 2018ರಿಂದ ಇವೆ. ನೋಡುವುದು ಉಚಿತ. ಲಸಿಕೆಯ ವಾರ ಯಾವುದು ಎಂದು ನಿಮ್ಮ ಓಣಿಯ ಆಶಾ ಅವರನ್ನು ಕೇಳಿ.

3️⃣ *ಆರ್‌ಬಿಎಸ್‌ಕೆ ತಂಡ.* ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಹುಟ್ಟುದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಈ ನಾಲ್ಕನ್ನು ಹುಡುಕುವುದು ಅದರ ಕೆಲಸ. ಹುಟ್ಟಿನಿಂದ ಬರುವ ಹೃದಯದ ದೋಷವೂ ಅದರಲ್ಲಿ ಸೇರಿದೆ. ಈ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು. ಅಂಗನವಾಡಿಯಲ್ಲಿ ಹೆಸರೇ ಇಲ್ಲದ ಮಗು ಆ ತಂಡದ ಕಣ್ಣಿಗೂ ಬೀಳುವುದಿಲ್ಲ. ತೊಂದರೆ ಕಂಡರೆ ಅವರು ಜಿಲ್ಲಾ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸುತ್ತಾರೆ.

4️⃣ *ಸಿಕಂದರಾಬಾದಿನ ಮನೋವಿಕಾಸ ನಗರ.* ಬುದ್ಧಿ ಬೆಳವಣಿಗೆಯ ತೊಂದರೆ ಇರುವವರಿಗಾಗಿ 1984ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆ ಅಲ್ಲಿದೆ. ಆರು ವರ್ಷದೊಳಗಿನ ಮಕ್ಕಳಿಗೆ ಶೀಘ್ರ ಚಿಕಿತ್ಸೆಯ ವಿಭಾಗವೂ ಇದೆ. ಎಲ್ಲೆಲ್ಲಿಂದಲೋ ರೈಲು ಹತ್ತಿ ಜನ ಅಲ್ಲಿಗೆ ಬರುತ್ತಾರೆ. ಕುಷಾಯಿಗೂಡದವರಿಗೆ ಅದು ಊರೊಳಗಿನ ದಾರಿ.

*ಕೇಂದ್ರದಲ್ಲಿ ಹೇಳಲು ನಾಲ್ಕು ತೆಲುಗು ಮಾತು*

ಹೊಸದಾಗಿ ಬಂದವರು ಭಾಷೆಗೆ ಅಂಜಿ ಸುಮ್ಮನೆ ಬಂದುಬಿಡುತ್ತಾರೆ. ಇವನ್ನು ಬರೆದಿಟ್ಟುಕೊಳ್ಳಿ:

"ಮಾ ಬಾಬು ಇಂಕಾ ಕೂರ್ಚೋವಡಂ ಲೇದು": ನಮ್ಮ ಮಗು ಇನ್ನೂ ಕೂರುತ್ತಿಲ್ಲ.
"ಪೇರು ಪಿಲಿಸ್ತೇ ಚೂಡಡಂ ಲೇದು": ಹೆಸರು ಕರೆದರೆ ನೋಡುತ್ತಿಲ್ಲ.
"ಇಂಕಾ ಮಾಟಲು ರಾಲೇದು": ಇನ್ನೂ ಮಾತು ಬಂದಿಲ್ಲ.
"ಎದುಗುದಲ ಚೂಡಂಡಿ": ಬೆಳವಣಿಗೆ ನೋಡಿ.

ಹೆಣ್ಣು ಮಗುವಾದರೆ "ಬಾಬು" ಬದಲು "ಪಾಪ" ಎನ್ನಿ.

"ಏನೂ ಆಗಲ್ಲ, ಸ್ವಲ್ಪ ದಿನ ನೋಡೋಣ" ಎಂದು ಯಾರಾದರೂ ಹೇಳಿದರೆ, ಡಾಕ್ಟರೇ ಹೇಳಿದರೂ, "ಎಷ್ಟು ದಿನ? ಮತ್ತೆ ಯಾವ ತಾರೀಖಿಗೆ ಬರಲಿ?" ಎಂದು ಕೇಳಿ. ತಾರೀಖನ್ನು ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಆ ದಿನವೂ ಮಗು ಹಾಗೇ ಇದ್ದರೆ ಮುಂದಿನ ಆಸ್ಪತ್ರೆಗೆ ಚೀಟಿ ಕೇಳಿ. ತಾರೀಖಿಲ್ಲದ "ನೋಡೋಣ" ಎಂಬ ಮಾತಿನಲ್ಲಿ ಒಂದು ವರ್ಷ ಕಳೆದದ್ದೇ ತಿಳಿಯುವುದಿಲ್ಲ.

*ಕೊನೆಯ ಮಾತು: ಕಾರ್ಡು*

ತಾಯಿ ಕಾರ್ಡಿನಲ್ಲಿ ಲಸಿಕೆಯ ಪಟ್ಟಿ ಮಾತ್ರ ಇರುವುದಿಲ್ಲ. ತೂಕದ ಗೆರೆ ಇದೆ, ಯಾವ ತಿಂಗಳಿಗೆ ಮಗು ಏನು ಮಾಡಬೇಕು ಎಂಬ ಚಿತ್ರಗಳೂ ಇವೆ. ಓದು ಬಾರದವರಿಗೂ ಚಿತ್ರ ನೋಡಿದರೆ ತಿಳಿಯುತ್ತದೆ. ಇವತ್ತೇ ತೆಗೆದು ನೋಡಿ. ಊರಿನಲ್ಲಿದ್ದರೆ ಫೋನ್ ಮಾಡಿ ಎಲ್ಲ ಪುಟಗಳ ಫೋಟೋ ತರಿಸಿಕೊಳ್ಳಿ. ಮುಂದಿನ ಸಲ ಊರಿಂದ ಬರುವವರ ಕೈಯಲ್ಲಿ ಕಾರ್ಡನ್ನೇ ಕಳುಹಿಸಲು ಹೇಳಿ. ಜಾತ್ರೆಗೆ, ಬಿತ್ತನೆಗೆ, ಬಾಣಂತನಕ್ಕೆ ಎಂದು ಊರಿಗೆ ಹೋಗುವಾಗಲೂ ಮಗುವಿನ ಬಟ್ಟೆಯ ಚೀಲದಲ್ಲಿ ಕಾರ್ಡು ಇರಲಿ. ಕಳೆದುಹೋಗಿದ್ದರೆ ಬೈಯುತ್ತಾರೆಂದು ಹೆದರಬೇಡಿ, ಹೊಸ ಕಾರ್ಡು ಮಾಡಿಸಿ.

ಮಗುವಿಗೆ ತಡವಾಗಿದೆ ಎಂದು ಗೊತ್ತಾದರೆ ತಾಯಿಯನ್ನು ದೂರಬೇಡಿ. ಅವಳು ಗ್ರಹಣ ನೋಡಿದಳು, ಅದು ತಿಂದಳು, ಕೆಲಸಕ್ಕೆ ಹೋದಳು ಎಂಬ ಮಾತುಗಳಿಂದ ಮಗುವಿಗೆ ಏನೂ ಸಿಗುವುದಿಲ್ಲ. ತಾಯಿ ಅಂಜಿ ಮುಚ್ಚಿಟ್ಟರೆ ಇನ್ನಷ್ಟು ತಿಂಗಳು ಹೋಗುತ್ತವೆ. ಆ ಯಾದಗಿರಿಯ ಅಜ್ಜಿ ಆಪರೇಷನ್ ಆದ ಮೇಲೆ ಸೊಸೆಯ ಕೈ ಹಿಡಿದು ಬಂದರು. ಅವತ್ತು ಅಜ್ಜಿಯ ಬಿಪಿಯೂ ಕಡಿಮೆ ಇತ್ತು. ಚೀಲದಿಂದ ಕಾರ್ಡು ತೆಗೆದು ತೋರಿಸಿ, "ಈಗ ಇದು ನನ್ನ ಹತ್ತರಾನೇ ಇರ್ತೈತ್ರೀ" ಎಂದರು.

ನಿಮ್ಮ ಓಣಿಯಲ್ಲಿ, ನಿಮ್ಮ ಗುಂಪಿನಲ್ಲಿ ಎರಡು ವರ್ಷದೊಳಗಿನ ಮಗು ಇರುವ ಮನೆಗೆ ಈ ಬರಹ ಕಳುಹಿಸಿ. ಓದಲು ಬಾರದವರಿಗೆ ಓದಿ ಹೇಳಿ. ಇದು ತಿಳಿವಳಿಕೆಗಾಗಿ ಬರೆದದ್ದು, ಪರೀಕ್ಷೆಗೆ ಬದಲಿಯಲ್ಲ. ಸಂಶಯವಿದ್ದರೆ ಮಗುವನ್ನು ಡಾಕ್ಟರಿಗೆ ತೋರಿಸಿ.

ಮಕ್ಕಳು ಚೆನ್ನಾಗಿರಲಿ. 🙏